ಎರಡು ಕಡೆ ಇಟ್ಟ ಹಾಡು

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಎರಡು ಅಂಗಡಿಗೆ ಒಂದೇ ಗೋಡೆ. ಈ ಕಡೆ ನನ್ನ ಜೆರಾಕ್ಸ್ ಅಂಗಡಿ, ಆ ಕಡೆ ಶಿವರಾಜುವಿನ ಕಂಪ್ಯೂಟರ್ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷ ನಾನು ಪಹಣಿ, ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡುಗಳನ್ನು ಜೆರಾಕ್ಸ್ ಮಾಡಿದ್ದು ಗೋಡೆಯಾಚೆಯಿಂದ ಬರುವ ಅವನ ಬೈಗುಳ ಕೇಳಿಕೊಂಡೇ. ನನಗಲ್ಲ, ಅವನ ಗಿರಾಕಿಗಳಿಗೆ. ನನ್ನನ್ನೂ ಬೈಯುತ್ತಿದ್ದ, ಆದರೆ ಟೀ ಹೊತ್ತಿಗೆ ಮಾತ್ರ.

ಯಾರಾದರೂ ಕೆಟ್ಟುಹೋದ ಕಂಪ್ಯೂಟರ್ ಹೊತ್ತುಕೊಂಡು ಬಂದರೆ ಅವನು ಕೂತುಕೊಳ್ಳಿ ಎನ್ನುತ್ತಿರಲಿಲ್ಲ. ಮೊದಲು ಕೇಳುತ್ತಿದ್ದುದು, "ಬ್ಯಾಕಪ್ ಮಡಗಿದೀಯೇನಪ್ಪಾ?" ಗಿರಾಕಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. "ಇಲ್ವಾ? ಅಂಗಾದ್ರೆ ನಿನ್ ಹತ್ರ ಏನೂ ಇರ್ನೇ ಇಲ್ಲ ಬುಡು. ಇಲ್ದೆ ಇದ್ದಿದ್ದು ಹೋಯ್ತು ಅಂತ ಯಾಕ್ ಅಳ್ತೀಯಾ?" ಒಮ್ಮೆ ಕಾಲೇಜು ಲೆಕ್ಚರರ್ ಒಬ್ಬರಿಗೆ ಹೀಗಂದಾಗ, ಅವರು ಹೊರಗೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕುಡಿದು ಹೋದರು. ಅವನ ಮೇಜಿನ ಹಿಂದೆ, ಗೋಡೆಯ ಮೇಲೆ, ದಪ್ಪ ಅಕ್ಷರದಲ್ಲಿ ಬರೆದ ಒಂದು ಹಾಳೆ ಇದೆ: ಎರಡು ಕಡೆ ಇಲ್ಲದ್ದು ಇಲ್ಲವೇ ಇಲ್ಲ. ಅದನ್ನು ಲ್ಯಾಮಿನೇಟ್ ಮಾಡಿಕೊಟ್ಟವನು ನಾನೇ. ಈಗ ಅವನ ಅಂಗಡಿಗೆ ಹೋದರೆ ಆ ಹಾಳೆಗೆ ಬೆನ್ನು ಹಾಕಿ ಕೂರುತ್ತೇನೆ.

ಯಾಕೆಂದರೆ ಆ ಮನುಷ್ಯನಿಗೆ ಇದ್ದ ಆಸ್ತಿ ಒಂದೇ. ಅದು ಅವನ ಅವ್ವನ ಹಾಡು. ಅದನ್ನು ಅವನು ಎರಡು ಕಡೆ ಇಟ್ಟಿದ್ದ.

ಶಿವರಾಜು ಹುಟ್ಟಿದ್ದು ಉಯ್ಯಂಬಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪ ಮಾಯಣ್ಣ ಬೇಗ ತೀರಿಕೊಂಡರು. ಅಣ್ಣ ಕೆಂಚಯ್ಯ ಕುರಿ ಹಿಂಡಿನ ಜೊತೆಗೆ ಮನೆದೇವರಾದ ಬೀರೇದೇವರ ಪೂಜೆಯನ್ನೂ ವಹಿಸಿಕೊಂಡರು. ಇವನು ಹತ್ತನೇ ತರಗತಿ ಮುಗಿಸಿ ಕನಕಪುರಕ್ಕೆ ಬಂದು ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವುದು ಕಲಿತ. ರೇಡಿಯೋ ಸತ್ತ ಮೇಲೆ ಟೀವಿ, ಟೀವಿ ಸೊರಗಿದ ಮೇಲೆ ಕಂಪ್ಯೂಟರ್. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ಆರಿಸಿ, ಹಳೇ ಕಾಲದ ಆ ದಪ್ಪ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಕನಕಪುರ ರಸ್ತೆಯ ಬಸ್ಸಿನಲ್ಲಿ ಕೂತು ಬರುತ್ತಿದ್ದ. ಕಂಡಕ್ಟರ್ ಅದಕ್ಕೂ ಟಿಕೆಟ್ ತಗೋ ಎಂದರೆ, "ಮಗೀಗೆ ಅರ್ಧ ಟಿಕೇಟು ಕಣಣ್ಣ" ಅನ್ನುತ್ತಿದ್ದನಂತೆ.

ಮದುವೆ ಆಗಲಿಲ್ಲ. ಎರಡು ಕಡೆ ಹೆಣ್ಣು ನೋಡಿದರು. ಎರಡನೇ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತವನು ಮೂಲೆಯಲ್ಲಿದ್ದ ಹೊಸ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ, "ಒಂದ್ ತಿರುಪೂ ಇಲ್ವಲ್ಲ ಇದ್ರಲ್ಲಿ, ಯಾವನ್ ಮೋಸ ಮಾಡ್ದ ನಿಮ್ಗೆ?" ಅಂದ. ಅದನ್ನು ಕೊಂಡುತಂದವನು ಹುಡುಗಿಯ ಅಣ್ಣ. ಸಂಬಂಧ ಅಲ್ಲಿಗೇ ಮುರಿಯಿತು.

ತಿರುಪು, ಅಂದರೆ ಸ್ಕ್ರೂ, ಅವನಿಗೆ ಅಷ್ಟು ಮುಖ್ಯ. "ತಿರುಪು ಅಂದ್ರೆ ಮರ್ಯಾದೆ ಕಣ್ಲಾ ಅಸ್ಗರ್" ಅನ್ನುತ್ತಿದ್ದ. "ತಕ್ಕಳಪ್ಪ, ಇದು ನಿಂದು, ತೆಗ್ದು ನೋಡ್ಕೋ ಅಂತ ಮಾಡ್ದೋನು ಯೋಳೋ ಮಾತದು. ಈಗಿನ್ ಡಬ್ಬಾಗಳ್ಗೆ ಗೋಂದು ಬಳ್ದು ಮುಚ್ತಾರೆ. ಮೆಮೊರೀನ ಬೋರ್ಡಿಗೇ ಬೆಸುಗೆ ಹಾಕ್ತಾರೆ. ಕಾಸ್ ಕೊಟ್ಟೋನು ನೀನು, ಒಳ್ಗಡೆ ನೋಡೋ ಹಕ್ಕು ಅವ್ರದ್ದು."

ಅವನ ಪ್ರಕಾರ ಜಗತ್ತು ಕೆಟ್ಟಿದ್ದು ವಿಂಡೋಸ್ ಸೆವೆನ್ ಆದ ಮೇಲೆ. ಅಲ್ಲಿಯ ತನಕ ಕಂಪ್ಯೂಟರ್ ಹೇಳಿದ ಕೆಲಸ ಮಾಡಿಕೊಂಡು ಬಾಯಿ ಮುಚ್ಚಿಕೊಂಡು ಇತ್ತು. ಆಮೇಲೆ ಬಂದವೆಲ್ಲ ಬೆಳಗಾದರೆ ಏನಾದರೂ ಕೇಳುತ್ತವೆ, ಏನಾದರೂ ಮಾರುತ್ತವೆ. ಅದರಲ್ಲೂ ಅವನಿಗೆ ಮೈ ಉರಿಯುತ್ತಿದ್ದುದು ನೀಲಿ ಪರದೆಯ ಮೇಲೆ ಬರುವ ಆ ಒಂದು ಸಾಲು: ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ. "ಬೀಗ್ರಾದ್ರೂ ಯೋಳಿ ಬತ್ತಾರೆ. ಇವ್ರು ಯೋಳ್ದೆ ಕೇಳ್ದೆ ನುಗ್ಗಿ, ನಮ್ಮನೇಲೇ ನಮ್ಗೆ ಅಲ್ಲಾಡ್ಬ್ಯಾಡ ಅಂತಾರೆ. ಅದೂ ನೂರಕ್ಕೆ ಮೂವತ್ತಾಯ್ತು ಅಂತ ಲೆಕ್ಕ ಬ್ಯಾರೆ. ಯಾವ್ದರಲ್ಲಿ ಮೂವತ್ತು? ಯಾರ್ ಎಣಿಸ್ದೋರು? ಪರಪಂಚದಲ್ಲೇ ದೊಡ್ ಸುಳ್ಳು ಅಂದ್ರೆ ಇದೇ ಕಣ್ಲಾ." ಇದನ್ನು ಅವನು ನನಗೆ ಏನಿಲ್ಲವೆಂದರೂ ಇನ್ನೂರು ಸಲ ಹೇಳಿರಬೇಕು.

ನೆಟ್ಟಿನಲ್ಲಿ ಫೈಲು ಇಡುವ ಕ್ಲೌಡನ್ನು ಅವನು ಕರೆಯುತ್ತಿದ್ದುದು ಇನ್ನೊಬ್ಬನ ಮನೆಯ ಅಟ್ಟ ಎಂದು. ಇವತ್ತು ಇಟ್ಟುಕೋ ಅನ್ನುತ್ತಾನೆ, ನಾಳೆ ಬಾಡಿಗೆ ಕೇಳುತ್ತಾನೆ, ನಾಡಿದ್ದು ಅಟ್ಟವನ್ನೇ ಕಿತ್ತುಹಾಕುತ್ತಾನೆ. ಹೊಸ ಎಸ್.ಎಸ್.ಡಿ. ಡಿಸ್ಕುಗಳನ್ನೂ ನಂಬುತ್ತಿರಲಿಲ್ಲ, ಅವು ಸದ್ದಿಲ್ಲದೆ ಸಾಯುತ್ತವಂತೆ. ತಿರುಗುವ ಹಳೆಯ ಹಾರ್ಡ್ ಡಿಸ್ಕಾದರೆ ಸಾಯುವ ಮುಂಚೆ ನರಳುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ, ಇರುವುದನ್ನು ಉಳಿಸಿಕೊಳ್ಳಬಹುದು. ನಾನು ಬೇಕೆಂದೇ ಕೆಣಕುತ್ತಿದ್ದೆ, "ಏನ್ಲಾ ಶಿವ, ಡಿಸ್ಕಿಗೂ ತಿಥಿ ಮಾಡ್ತೀಯಾ?" ಅಂತ. "ನಿನ್ ಜೆರಾಕ್ಸ್ ಮಿಷನ್ನಿಗೆ ಮೊದ್ಲು ಮಾಡ್ತೀನಿ ಬಾ" ಅನ್ನುತ್ತಿದ್ದ.

ಒಂದು ಸರ್ಕಾರಿ ಶಾಲೆಯ ಎಂಟು ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ತೆಗೆದು ಬಿಟ್ಟಿಯಾಗಿ ಲಿನಕ್ಸ್ ಹಾಕಿಕೊಟ್ಟಿದ್ದ. ಅದು ಯಾರಪ್ಪನ ಸ್ವತ್ತೂ ಅಲ್ಲ, ಬಾಡಿಗೆ ಇಲ್ಲ, ಕೇಳದೆ ಏನೂ ಮಾಡುವುದಿಲ್ಲ ಎಂದು ಅದರ ಮೇಲೆ ಅವನಿಗೆ ಬಹಳ ಪ್ರೀತಿ. ಒಂದು ತಿಂಗಳಲ್ಲಿ ಹೆಡ್‌ಮಾಸ್ಟರ್ ಆಟೋದಲ್ಲಿ ಎಂಟನ್ನೂ ಹೇರಿಕೊಂಡು ಬಂದರು. ಸಾರ್, ಮಕ್ಕಳಿಗೆ ಚೆನ್ನಾಗಿದೆ, ಆದರೆ ನಮಗೆ ಅಭ್ಯಾಸ ಇಲ್ಲ, ತೆಗೆದುಬಿಡಿ ಎಂದರು. ಅವತ್ತು ಅವನು ಬೈಯಲಿಲ್ಲ. ಮೂರು ದಿನ ಅಂಗಡಿ ಬಾಗಿಲನ್ನೂ ತೆಗೆಯಲಿಲ್ಲ. ಅವನಿಗೆ ನೋವಾದರೆ ಹಾಗೆ.

ಇನ್ನು ಹಾಡಿನ ವಿಷಯ.

ಅವನ ಅವ್ವ ಬೀರಮ್ಮನಿಗೆ ಬೀರೇದೇವರ ಪದ ಪೂರಾ ಬರುತ್ತಿತ್ತು. ಪೂರಾ ಎಂದರೆ ದೇವರು ಹುಟ್ಟಿದಲ್ಲಿಂದ ಬೆಟ್ಟ ಹತ್ತಿ ನೆಲೆ ನಿಲ್ಲುವ ತನಕ, ಹನ್ನೊಂದು ಗಂಟೆ ಹಿಡಿಯುವ ಹಾಡು. ಅತ್ತೆಯಿಂದ ಕಲಿತದ್ದು. ಸುತ್ತಮುತ್ತ ಅಷ್ಟನ್ನು ಬಲ್ಲವರು ಇನ್ಯಾರೂ ಉಳಿದಿರಲಿಲ್ಲ. ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಶಿವರಾಜು ಅವರನ್ನು ಕನಕಪುರಕ್ಕೆ ಕರೆತಂದು, ಅಂಗಡಿಯ ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಮನೆಯ ಕಂಬಳಿಗಳನ್ನು ನೇತುಹಾಕಿ, ಒಂದು ಮೈಕು ಇಟ್ಟು ರೆಕಾರ್ಡು ಮಾಡಿದ. ಏಳು ಮಧ್ಯಾಹ್ನ ಹಿಡಿಯಿತು. ಆ ಏಳೂ ಮಧ್ಯಾಹ್ನ ನಾನು ಮಿಷನ್ ಆಫ್ ಮಾಡಿ, ಬಂದ ಗಿರಾಕಿಯನ್ನು ಸಂಜೆ ಬನ್ನಿ ಎಂದು ವಾಪಸ್ ಕಳಿಸಿ, ಗೋಡೆಗೆ ಒರಗಿ ಕೇಳುತ್ತ ಕೂತಿದ್ದೆ. ರಸ್ತೆಯಲ್ಲಿ ಕಲ್ಲು ಸಾಗಿಸುವ ಲಾರಿ ಹಾರ್ನ್ ಹಾಕಿದರೆ ಬೀರಮ್ಮ ನಿಲ್ಲಿಸಿಬಿಡುವರು. ಲಾರಿ ದೂರವಾದ ಮೇಲೆ ನಿಲ್ಲಿಸಿದ ಪದದಿಂದಲೇ ಎತ್ತಿಕೊಳ್ಳುವರು. ಕುರಿಹಿಂಡು ಹೊಳೆ ದಾಟುವ ಭಾಗದಲ್ಲಿ ದನಿಯನ್ನು ತೀರಾ ತಗ್ಗಿಸುತ್ತಿದ್ದರು, ಕುರಿ ಬೆದರಬಾರದು ಎಂಬಂತೆ. ನಾನು ಮಸೀದಿಗೆ ಹೋಗುವವನು, ಅವರ ದೇವರ ಕಥೆ ನನಗೆ ಅರ್ಧ ಗೊತ್ತಿಲ್ಲ. ಆದರೂ ಅಲ್ಲಿ ಉಸಿರು ಹಿಡಿದು ಕೂತಿದ್ದೆ. ಏಳನೇ ಫೈಲಿನಲ್ಲಿ ನನ್ನದೊಂದು ಸೀನು ಸಿಕ್ಕಿಹಾಕಿಕೊಂಡಿತು. ತೆಗೆದುಹಾಕು ಎಂದೆ. "ಇರ್ಲಿ ಬುಡ್ಲಾ, ಸೀನಿದ್ರೆ ಸತ್ಯ ಅಂತಾರೆ" ಅಂದ.

ನಾಲ್ಕು ವರ್ಷಕ್ಕೆ ಬೀರಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ಮಾತು ಪೂರ್ತಿ ನಿಂತಿತು. ಬುದ್ಧಿ ಚೆನ್ನಾಗಿಯೇ ಇತ್ತು, ಕಣ್ಣು ಎಲ್ಲವನ್ನೂ ಹೇಳುತ್ತಿತ್ತು, ಬಾಯಿಂದ ಮಾತ್ರ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಅಂದಿನಿಂದ ಶಿವರಾಜು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹಾಡು ಇದ್ದ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಹಳೆಯ ದಪ್ಪ ಲ್ಯಾಪ್‌ಟಾಪಿನ ಜೊತೆ ಬೈಕಿನ ಬ್ಯಾಗಿಗೆ ಹಾಕಿಕೊಂಡು ಉಯ್ಯಂಬಳ್ಳಿಗೆ ಹೋಗುವನು. ಅವ್ವ ಎಡಗೈಯನ್ನು ಕಿವಿಯ ಹತ್ತಿರ ಹಿಡಿಯುವರು, ಹಾಕು ಎಂದು. ಇವನು ಒಂದೊಂದು ವಾರ ಒಂದೊಂದು ಭಾಗ ಹಾಕುವನು. ತಮ್ಮ ಹಾಡನ್ನು ತಾವೇ ಕೇಳುತ್ತ ಬೀರಮ್ಮ ತುಟಿ ಆಡಿಸುತ್ತಿದ್ದರು. ವಾರವಿಡೀ ಆ ಹೊತ್ತಿಗಾಗಿ ಕಾಯುತ್ತಾರೆ ಎಂದು ಅವನ ಅತ್ತಿಗೆ ವರಲಕ್ಷ್ಮಿ ನನಗೆ ಹೇಳಿದ್ದರು. ಬೀರಮ್ಮನನ್ನು ನೋಡಿಕೊಳ್ಳುತ್ತಿದ್ದವರು ಅವರೇ, ಕೆಂಚಯ್ಯನವರ ಹೆಂಡತಿ.

ವರಲಕ್ಷ್ಮಿಯವರು ಎಷ್ಟೋ ಸಲ ಕೇಳಿದ್ದರು, "ಶಿವರಾಜು, ನನ್ ಫೋನಿಗೊಂದಷ್ಟು ಹಾಕ್ಕೊಡು, ದಿನಾ ಕೇಳುಸ್ತೀನಿ. ಇಲ್ಲ ಯೂಟ್ಯೂಬಿಗಾದ್ರೂ ಬುಡು" ಎಂದು. ಇವನು ಒಪ್ಪಲಿಲ್ಲ. ಕಾರಣ ಇತ್ತು. ಮಾಗಡಿ ಕಡೆಯ ಒಬ್ಬ ಮುದುಕಿಯ ಸೋಬಾನೆ ಪದವನ್ನು ಯಾರೋ ನೆಟ್ಟಿಗೆ ಹಾಕಿ, ಕೆಳಗೆ ತಮ್ಮ ಹೆಸರು ಬರೆದುಕೊಂಡು, ನಡುನಡುವೆ ಬನಿಯನ್ ಜಾಹೀರಾತು ತುರುಕಿದ್ದರು. ಆಮೇಲೆ ಆ ಮುದುಕಿಯ ಮೊಮ್ಮಗನೇ ಅದೇ ಪದ ಹಾಕಿದರೆ, ಇದರ ಹಕ್ಕು ಬೇರೆಯವರದು ಎಂದು ತೆಗೆದುಹಾಕಿದರಂತೆ. ಅದನ್ನು ಕೇಳಿದ ದಿನ ಶಿವರಾಜು ಟೀ ಲೋಟ ಕುಕ್ಕಿ ಒಡೆದಿದ್ದ. "ನಮ್ಮವ್ವನ ಗಂಟ್ಲು ಯಾವನಿಗೂ ಬಾಡ್ಗೆಗಿಲ್ಲ. ಫೋನಿಗೆ ಹಾಕುದ್ರೆ ನೆಟ್ಟಿಗೆ ಹಾಕ್ದಂಗೇಯ. ಒಂದು ನನ್ ಹತ್ರ, ಒಂದು ಊರಲ್ಲಿ. ಎರಡು ಸಾಕು."

ಊರಿನದು ಎಲ್ಲಿಟ್ಟಿದ್ದ ಎಂದರೆ, ದೇವರ ಪೆಟ್ಟಿಗೆಯಲ್ಲಿ. ಅವರ ಮನೆಯ ಒಳಕೋಣೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ. ಬೀರೇದೇವರ ಬೆಳ್ಳಿ ಮುಖ, ಬೆತ್ತ, ಗಂಟೆ, ಹಿರಿಯರ ಹೆಸರಿನ ತಗಡುಗಳು ಅದರಲ್ಲಿರುತ್ತವೆ. ವರ್ಷಕ್ಕೊಂದೇ ಸಲ, ಯುಗಾದಿಗೆ ತೆಗೆಯುವುದು. ಮಿಕ್ಕ ದಿನ ಯಾರೂ ಮುಟ್ಟುವುದಿಲ್ಲ. ಮಕ್ಕಳ ಕೈಗೆ ಸಿಗದ, ಇಲಿ ಬರದ, ಕರೆಂಟಿನ ಸೋಂಕಿಲ್ಲದ ಜಾಗ. ರೆಕಾರ್ಡು ಮಾಡಿದ ವರ್ಷವೇ ಇವನು ಎರಡನೇ ಡಿಸ್ಕನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, "ಇದ್ರಲ್ಲಿ ಅವ್ವನ ಪದ ಐತೆ, ಜ್ವಾಪಾನ" ಎಂದು ಅಣ್ಣನ ಕೈಗೆ ಕೊಟ್ಟು ಒಳಗಿಡಿಸಿದ. ಬ್ಯಾಂಕಿನ ಲಾಕರಿಗಿಂತ ಗಟ್ಟಿ ಎಂದು ನನ್ನ ಮುಂದೆ ಹೆಮ್ಮೆಪಟ್ಟಿದ್ದ. ನಾನೂ ಹೌದೆಂದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ದಿನ ಅವನು ತನ್ನ ಹತ್ತಿರವಿದ್ದ ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟು ಬ್ಯಾಂಕಿಗೆ ಹೋದ. ಒಂದು ಗಂಟೆ ಬರಲಿಲ್ಲ. ಅದೇ ಹೊತ್ತಿಗೆ ಸಂತೆಗೆ ಬಂದಿದ್ದ ವರಲಕ್ಷ್ಮಿಯವರು ಒಳಗೆ ಬಂದು ಡಿಸ್ಕನ್ನು ನೋಡಿದರು. "ಅಸ್ಗರಣ್ಣ, ಒಂದೇ ಒಂದ್ ಭಾಗ ನನ್ ಫೋನಿಗೆ ಹಾಕ್ಕೊಡಿ. ಅವ್ನಿಗೆ ಯೋಳಾಕಿಲ್ಲ" ಎಂದು ಕೇಳಿದರು. ನನ್ನ ಕಂಪ್ಯೂಟರ್ ಆನ್ ಆಗಿತ್ತು, ಕೇಬಲ್ಲು ಕೈಯಲ್ಲೇ ಇತ್ತು. ನಾನು ಆಗಲ್ಲಮ್ಮ ಎಂದೆ. ನಂಬಿ ಇಟ್ಟುಹೋದದ್ದನ್ನು ಮುಟ್ಟಬಾರದು ಎಂದು ನಮ್ಮ ಅಬ್ಬಾ ಹೇಳಿಕೊಟ್ಟಿದ್ದರು. ಜೀವನದಲ್ಲಿ ಕಳ್ಳತನ ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟವರನ್ನು ನೋಡಿದ್ದೇನೆ. ಮಾಡದೆ ಇದ್ದದ್ದಕ್ಕೆ ಕೊರಗುವವನು ನಾನೊಬ್ಬನೇ ಇರಬೇಕು.

ಕಳೆದ ಅಕ್ಟೋಬರಿನಲ್ಲಿ ವಿಂಡೋಸ್ ಟೆನ್ನಿಗೆ ಕಂಪನಿಯ ಬೆಂಬಲ ನಿಂತಿತಲ್ಲ, ಆಗ ಶಿವರಾಜುವಿನ ಅಂಗಡಿ ತುಂಬಿಹೋಯಿತು. ಆಫೀಸಿನವರು, ರೇಷ್ಮೆ ವ್ಯಾಪಾರದವರು, ಕ್ವಾರಿ ಲೆಕ್ಕ ಬರೆಯುವವರು, ಎಲ್ಲರೂ ಹಳೆಯದನ್ನು ತಂದು ಹಾಕಿ ಹೊಸದಕ್ಕೆ ದಾರಿ ಕೇಳುತ್ತಿದ್ದರು. ಒಂದೊಂದೂ ಓಡುವ ಮಿಷನ್ನು. ಹೊಸ ವಿಂಡೋಸ್ ಇವುಗಳಿಗೆ ಹಿಡಿಸುವುದಿಲ್ಲ, ಅಷ್ಟೇ ತಪ್ಪು. ಬಾಗಿಲ ತನಕ ಪೇರಿಸಿದ ಆ ಕಂಪ್ಯೂಟರುಗಳ ನಡುವೆ ಕೂತು ಅವನು, "ಕರೆಯೋ ಎಮ್ಮೆ ಕಣ್ಲಾ ಎಲ್ಲಾ. ಕರೆಯೋ ಎಮ್ಮೇನ ಕಟುಕನಿಗೆ ಹೊಡಿತಾವ್ರೆ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಆ ತಿಂಗಳ ಕೊನೆಯ ಭಾನುವಾರ ಉಯ್ಯಂಬಳ್ಳಿಯಲ್ಲಿ ಹಾಡು ನಡುವೆ ನಿಂತಿತು. ಡಿಸ್ಕು ಟಕ್ ಟಕ್ ಎನ್ನತೊಡಗಿತು. ಏಳು ವರ್ಷ ಬೈಕಿನ ಹಿಂದೆ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿ ಕುಲುಕಿ ಅದಕ್ಕೂ ಸಾಕಾಗಿತ್ತು. ಬಿಸಿಯಾಗಿದೆ ಎಂದು ಅವ್ವನಿಗೆ ಸಮಾಧಾನ ಹೇಳಿ ಬಂದ.

ಸೋಮವಾರ ಬೆಳಗ್ಗೆ ನಾನು ಹೇಳಿದೆ, "ನರಳ್ತಾ ಐತೆ ಅಂತ ನೀನೇ ಯೋಳ್ತೀಯ. ಮುಟ್ಬ್ಯಾಡ. ಬೆಂಗ್ಳೂರಲ್ಲಿ ಡಾಟಾ ತೆಗೆಯೋರವ್ರಲ್ಲ, ಅವ್ರಿಗೆ ಕಳ್ಸು."

"ಅವ್ರಿಗ್ಯಾಕ್ಲಾ ಕಳ್ಸಾನೆ? ಊರಲ್ಲಿ ಇನ್ನೊಂದಿಲ್ವಾ? ಅದು ಐತೆ ಅಂತ್ಲೇ ಇದ್ರ ಮ್ಯಾಲೆ ಕೈ ಮಾಡಾಕೆ ಧೈರ್ಯ. ಎಲ್ಲಿ ಕೆಟ್ಟೈತೆ ನೋಡೇ ಬುಡ್ತೀನಿ."

ಬೇರೆಯವರ ಡಿಸ್ಕಾಗಿದ್ದರೆ ಅವನು ಎರಡನೇ ಸಲ ಕರೆಂಟು ಕೊಡುತ್ತಿರಲಿಲ್ಲ. ತನ್ನದಕ್ಕೆ ಮೂರು ದಿನ ಕೊಟ್ಟ, ತೆಗೆದ, ಮತ್ತೆ ಕೊಟ್ಟ. ಕೊನೆಗೆ, ಯಾರೂ ಮಾಡಬಾರದು ಎಂದು ಊರಿಗೆಲ್ಲ ಸಾರುತ್ತಿದ್ದ ಕೆಲಸವನ್ನೇ ಮಾಡಿದ. ತಿರುಪು ಬಿಚ್ಚಿ ಮುಚ್ಚಳ ತೆಗೆದ. ಒಳಗೆ ಕನ್ನಡಿಯಂಥ ತಟ್ಟೆ ತಿರುಗಿತು, ಅದರ ಮೇಲೆ ಮುಳ್ಳು ಕೆರೆಯಿತು. "ನಮ್ಮಣ್ಣನ ಉಣ್ಣೆ ಕತ್ರಿ ಸದ್ದಿದ್ದಂಗೈತೆ ನೋಡು" ಎಂದು ನಕ್ಕ ಕೂಡ. ಇನ್ನೊಂದು ಇದೆಯಲ್ಲ ಎಂಬ ನಗು ಅದು.

ಆ ಇನ್ನೊಂದನ್ನು ತರಲು ನಾನೂ ಅವನ ಜೊತೆ ಹೋದೆ. ಪೆಟ್ಟಿಗೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ತೆಗೆಯುವಂತಿಲ್ಲ ಎಂದು ಕೆಂಚಯ್ಯನವರು ಮೊದಲು ಒಪ್ಪಿರಲಿಲ್ಲ. ಅವ್ವನಿಗಾಗಿ ಎಂದ ಮೇಲೆ, ಸೋಮವಾರ ತಲೆಗೆ ನೀರು ಹಾಕಿಕೊಂಡು ಉಪವಾಸವಿದ್ದು ತೆಗೆಯುತ್ತೇನೆ ಎಂದಿದ್ದರು. ನಾವು ಹೋದಾಗ ಮಧ್ಯಾಹ್ನ. ನಾನು ಜಗಲಿಯಲ್ಲೇ ಕೂತೆ. ಬೀರಮ್ಮ ಗೋಡೆ ಹಿಡಿದು ಬಂದು, ಎಡಗೈಯಿಂದ ನನ್ನನ್ನು ಕರೆದು ಒಳಕೋಣೆಯ ಹೊಸ್ತಿಲ ತನಕ ಕರೆದೊಯ್ದರು. ಅವರಿಗೆ ಅವತ್ತು ಬಹಳ ಸಂತೋಷ. ಮಗ ಹಾಡು ಒಯ್ಯಲು ಬಂದಿದ್ದಾನೆ, ಮುಂದಿನ ಭಾನುವಾರ ಮತ್ತೆ ಕೇಳಬಹುದು ಎಂದು ಗೊತ್ತಿತ್ತು.

ಕೆಂಚಯ್ಯನವರು ಪೆಟ್ಟಿಗೆ ತೆಗೆದು ಹಳದಿ ಗಂಟನ್ನು ಅವ್ವನ ಕೈಗೇ ಕೊಟ್ಟರು. ಬೀರಮ್ಮ ಅದನ್ನು ಎಡಗೈಯಲ್ಲಿ ನಿಧಾನವಾಗಿ ಬಿಚ್ಚಿದರು.

ಡಿಸ್ಕು ಹೊಳೆಯುತ್ತಿತ್ತು. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕಂಪನಿಯ ಲೇಬಲ್ ಇರಲಿಲ್ಲ, ಅಕ್ಷರ ಇರಲಿಲ್ಲ, ಬೆಳ್ಳನೆಯ ಲೋಹ ಮಾತ್ರ. ಅದರ ನಡುವೆ ಅರಿಶಿನ, ಅದರ ಮೇಲೆ ಕುಂಕುಮ.

"ಎಂಗೈತೆ ನೋಡು ಶಿವರಾಜು" ವರಲಕ್ಷ್ಮಿಯವರು ಹೆಮ್ಮೆಯಿಂದ ಹೇಳಿದರು. "ಬೆಳ್ಳಿ ಮೊಕಾನ ನಾವ್ ತಿಕ್ಕುದ್ರೂ ಇದ್ನ ಮಾತ್ರ ಅವ್ವ ಯಾರ್ ಕೈಗೂ ಕೊಡಾಕಿಲ್ಲ. ಕೈ ಬಿದ್ದೋದ್ ಮ್ಯಾಲೂ ಎಡಗೈಲೇ ಹುಣಸೇಹಣ್ ಹಾಕಿ ತಿಕ್ತದೆ. ಯುಗಾದಿ ಯುಗಾದಿಗೂ ಸಂಗಮಕ್ಕೆ ಹೋದಾಗ ಮೂರ್ ಮುಳುಗು ಹಾಕ್ಸಿ, ಬಿಸ್ಲಲ್ಲಿ ಒಣಗ್ಸಿ ಮಡಗ್ತದೆ. ಒಂದ್ ವರ್ಸಾನೂ ತಪ್ಸಿಲ್ಲ."

ಕೆಂಚಯ್ಯನವರಿಗೆ ತಮ್ಮನ ಮುಖ ನೋಡಿ ಏನೋ ಅನುಮಾನ ಬಂದಿರಬೇಕು. "ದೇವ್ರ ಪೆಟ್ಗೆಲಿ ಮಡಗಿದ್ ಮ್ಯಾಲೆ ಹೊಳೇಲಿ ಮಡಿ ಆಗ್ಲೇಬೇಕಲ್ಲಪ್ಪ" ಎಂದರು. "ಅವ್ವನ ಪದ ಅಂದ್ರೆ ದೇವ್ರ ಪದ. ಅದೊಂದ್ನೇ ಮೈಲಿಗೇಲಿ ಬುಟ್ಬುಡಾಕಾಯ್ತದಾ?"

ಅವರ ಮಾತಿನಲ್ಲಿ ಒಂದಿಷ್ಟೂ ತಪ್ಪಿಲ್ಲ. ಆ ಪೆಟ್ಟಿಗೆಯಲ್ಲಿರುವ ಪ್ರತಿಯೊಂದೂ ಅರ್ಕಾವತಿ ಕಾವೇರಿ ಸೇರುವಲ್ಲಿ ವರ್ಷಕ್ಕೊಮ್ಮೆ ಮೀಯಬೇಕು. ಅದು ಅವರ ಮನೆಯ ಪದ್ಧತಿ. ಚಿಕ್ಕಂದಿನಲ್ಲಿ ಆ ಪೆಟ್ಟಿಗೆ ಹೊತ್ತು ಹೊಳೆಗೆ ಇಳಿದವನು ಶಿವರಾಜುವೇ. ನನಗೆ ಸಿಟ್ಟು ಬರುವುದು ಅಲ್ಲೇ. ಹಾರ್ಡ್ ಡಿಸ್ಕಿಗೆ ಉಸಿರಾಡುವ ತೂತು ಎಲ್ಲಿರುತ್ತದೆ, ಅದರಲ್ಲಿ ಒಂದು ಹನಿ ಇಳಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವನಿಗೆ ತನ್ನ ಮನೆಯ ಯುಗಾದಿ ಮರೆತುಹೋಗಿತ್ತು. ಯುಗಾದಿ ಬರುವುದು ಮಾರ್ಚ್ ಕೊನೆಯ ಆಸುಪಾಸು, ಆಫೀಸುಗಳ ವರ್ಷದ ಕೊನೆ, ರಿಪೇರಿ ಕೆಲಸ ತಲೆಯ ಮೇಲೆ ಬಿದ್ದಿರುತ್ತದೆ. ಹನ್ನೊಂದು ವರ್ಷ ಅವನು ಹೊಳೆಗೆ ಹೋಗಲಿಲ್ಲ. ಒಂದೇ ಒಂದು ವರ್ಷ ಹೋಗಿದ್ದರೆ ಸಾಕಿತ್ತು.

ಅವ್ವ ಡಿಸ್ಕನ್ನು ಅವನ ಕಡೆಗೆ ಚಾಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಪೆನ್ ಡ್ರೈವ್ ಮೇಲೆ ಟೀ ಚೆಲ್ಲಿದ್ದಕ್ಕೆ ಒಬ್ಬ ಇನ್ಸ್‌ಪೆಕ್ಟರನ್ನೇ ಅಳುವಂತೆ ಮಾಡಿದ ಬಾಯಿ ಅದು. ಏನೂ ಕೇಳಿಸದೆ ಕಣ್ಣು ತೆರೆದರೆ, ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದ. ಹೊಸ್ತಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು, ಒಳಗೆ ಹೊಳೆಯ ಮರಳು ಜರುಗಿದ ಸದ್ದು.

"ಬಾಳ ಚೆನ್ನಾಗ್ ಮಡಗಿದೀಯ ಕಣವ್ವ" ಅಂದ.

ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ರಾಗಿ ಹೊಲದ ಬದುವಿನ ಮೇಲೆ ಕೂತು ಅತ್ತ. ಐವತ್ತು ದಾಟಿದ ಗಂಡಸು, ಬಾಯಿಗೆ ಟವೆಲ್ ತುರುಕಿಕೊಂಡು ಅತ್ತ. ಸಮಾಧಾನ ಹೇಳುವ ಬದಲು ನಾನು, ಅಷ್ಟು ಹೇಳಿದೆ ಕಳಿಸು ಎಂದು, ಕೇಳಿದೆಯಾ, ಎಂದು ಬೈದೆ. ಬೈದದ್ದಕ್ಕೆ ಆಮೇಲೆ ನಾನೂ ಅತ್ತೆ.

ಎರಡನ್ನೂ ಬೆಂಗಳೂರಿಗೆ ಕಳಿಸಿದೆವು. ಕೆರೆದ ತಟ್ಟೆಯಲ್ಲಿ ಏನೂ ಉಳಿದಿಲ್ಲ, ಎರಡನೆಯದರ ಒಳಗೆ ಪೂರ್ತಿ ತುಕ್ಕು ಮತ್ತು ಕೆಸರು, ಇದು ನೀರಿಗೆ ಹೇಗೆ ಬಿತ್ತು ಸಾರ್ ಎಂದು ಅವರು ಕೇಳಿದರು. ಬಿದ್ದಿದ್ದಲ್ಲ ಎಂದಷ್ಟೇ ಹೇಳಿ ಅವನು ಫೋನಿಟ್ಟ. ಹನ್ನೊಂದು ಗಂಟೆಯ ಹಾಡು, ಲಾರಿ ಹಾರ್ನುಗಳು, ನನ್ನ ಸೀನು, ಎಲ್ಲ ಹೋಯಿತು.

ಈಗ ಅವನು ಗಿರಾಕಿಗಳನ್ನು ಬೈಯುವುದಿಲ್ಲ. ಬ್ಯಾಕಪ್ ಇದೆಯೇ ಎಂದು ಕೇಳುವುದನ್ನೂ ಬಿಟ್ಟಿದ್ದಾನೆ. ತೆಗೆದುಕೊಳ್ಳುತ್ತಾನೆ, ರಿಪೇರಿ ಮಾಡುತ್ತಾನೆ, ಕೊಡುತ್ತಾನೆ. ಗೋಡೆಯಾಚೆ ಅಷ್ಟು ಮೌನ ನನಗೆ ಅಭ್ಯಾಸವಿಲ್ಲ. ಯಾರೋ ಬಂದು ಕ್ಲೌಡಿನಲ್ಲಿ ಫೋಟೋ ಹಾಕುವುದು ಹೇಗಣ್ಣ ಎಂದು ಕೇಳಿದರೆ, ಒಂದು ಮಾತೂ ಆಡದೆ ಹಾಕಿಕೊಟ್ಟ. ಲ್ಯಾಮಿನೇಟ್ ಹಾಳೆಯನ್ನು ಕಿತ್ತುಬಿಡಲೇ ಎಂದು ಕೇಳಿದೆ. "ಇರ್ಲಿ ಬುಡು. ಅದ್ರಲ್ಲಿರೋದೇನ್ ಸುಳ್ಳಲ್ವಲ್ಲ" ಅಂದ.

ಭಾನುವಾರ ಮಾತ್ರ ತಪ್ಪಿಸುವುದಿಲ್ಲ. ಅದೇ ದಪ್ಪ ಲ್ಯಾಪ್‌ಟಾಪು, ಬ್ಯಾಗು, ಬೈಕು. ಕೆಲವು ಸಲ ನನ್ನನ್ನೂ ಕರೆಯುತ್ತಾನೆ, ಒಬ್ಬನಿಗೇ ಹೋಗಲು ಆಗುವುದಿಲ್ಲ ಎಂದು ಕಾಣುತ್ತದೆ. ಅವನು ಹೋಗಿ ಕೂತ ಕೂಡಲೇ ಬೀರಮ್ಮ ಎಡಗೈಯನ್ನು ಕಿವಿಯ ಹತ್ತಿರ ಹಿಡಿಯುತ್ತಾರೆ. ಇವನು ಲ್ಯಾಪ್‌ಟಾಪ್ ತೆರೆಯುತ್ತಾನೆ. ಅದರಲ್ಲಿ ಒಂದು ನೀಲಿ ಪರದೆ ಬರುವ ಹಾಗೆ ತಾನೇ ಮಾಡಿಕೊಂಡಿದ್ದಾನೆ, ನಡುವೆ ಚುಕ್ಕಿಗಳು ಸುತ್ತುತ್ತಿರುತ್ತವೆ.

"ಅಪ್‌ಡೇಟ್ ಆಯ್ತಾ ಐತೆ ಕಣವ್ವ. ಆಫ್ ಮಾಡ್ಬಾರ್ದು. ಒಸಿ ತಡಿ."

ಎಷ್ಟಾಯಿತು ಎಂದು ಅವರು ಬೆರಳು ಆಡಿಸಿ ಕೇಳುತ್ತಾರೆ. ಮೊದಲ ಭಾನುವಾರ ಅವನು ನೂರಕ್ಕೆ ಹತ್ತು ಅಂದ. ಮುಂದಿನ ವಾರ ಹನ್ನೊಂದು. ವಾರಕ್ಕೆ ಒಂದೇ ಒಂದು ಏರಿಸುತ್ತಾನೆ, ಹೆಚ್ಚಿಲ್ಲ. ಕಳೆದ ಭಾನುವಾರ ಇಪ್ಪತ್ತಾರು ಅಂದ. ನೂರಾದ ದಿನ ಏನು ಹೇಳುತ್ತೀಯ ಎಂದು ದಾರಿಯಲ್ಲಿ ಕೇಳಬೇಕೆಂದುಕೊಂಡವನು ಕೇಳಲಿಲ್ಲ. ಬೀರಮ್ಮನಿಗೆ ಈಗ ಎಪ್ಪತ್ತೊಂಬತ್ತು. ಲೆಕ್ಕ ಅವನು ಮೊದಲೇ ಹಾಕಿರಬೇಕು.

ಅವರು ತಲೆಯಾಡಿಸಿ, ಸುತ್ತುವ ಚುಕ್ಕಿಗಳನ್ನೇ ನೋಡುತ್ತ, ಕಾಯುತ್ತಾರೆ.